ಬಿಸಿಲಿನ ವಿದ್ಯೆ

ಕಳೆದ ಬೇಸಗೆಯ ರಜೆಯಲ್ಲಿ ಒಂದು ದಿನ ನಡುಹಗಲ ಹೊತ್ತಿಗೆ ತಂದೆ ಮಗ ಇಬ್ಬರು ಚಿತ್ರದುರ್ಗದ ನನ್ನ ಮನೆಯ ಬಾಗಿಲಿಗೆ ಬಂದು ನಿಂತರು. ನಮ್ಮ ಊರಿನ ಬೇಸಗೆಯನ್ನು ಬಲ್ಲವರಿಗೆ, ಅದು ಯಾರೂ ಯಾರ ಮನೆಗೂ ಹೋಗುವ ಹೊತ್ತಲ್ಲವೆಂಬುದು ಗೊತ್ತು. ಕೋಟೆಯ ಬಂಡೆಗಳು ಬೆಳಗಿನಿಂದ ಕುಡಿದ ಬಿಸಿಲನ್ನು ಅರ್ಧರಾತ್ರಿಯವರೆಗೆ ಉಗುಳುತ್ತಿರುತ್ತವೆ; ಬೀದಿಯ ನಾಯಿ ಕೂಡ ಚರಂಡಿಯ ತಂಪನ್ನು ಬಿಟ್ಟು ಏಳುವುದಿಲ್ಲ. ಅಂಥ ಹೊತ್ತಿನಲ್ಲಿ ಬಂದವರಿಗೆ ಏನೋ ತುರ್ತು ಇರಲೇಬೇಕೆಂದುಕೊಂಡು ಒಳಗೆ ಕರೆದು ನೀರು ಕೊಟ್ಟೆ.

ಹುಡುಗ ನನ್ನ ಹಳೆಯ ವಿದ್ಯಾರ್ಥಿ. ಪಿಯುಸಿಯಲ್ಲಿ ನನ್ನ ಕನ್ನಡ ಪಾಠಗಳನ್ನು ಕೇಳಿ, ಬಳಿಕ ಜಿಲ್ಲೆಯಲ್ಲೇ ವಿದ್ಯುತ್ ಇಂಜಿನಿಯರಿಂಗಿನಲ್ಲಿ ಬಿ.ಇ. ಮುಗಿಸಿದ್ದಾನೆ. ಈಗ ದೂರದ ಒಂದು ವಿಶ್ವವಿದ್ಯಾನಿಲಯದಲ್ಲಿ ಸೌರಶಕ್ತಿಯ ಇಂಜಿನಿಯರಿಂಗನ್ನು ಎರಡು ವರ್ಷ ಓದಲು ಅವನಿಗೆ ಸ್ಥಳ ಸಿಕ್ಕಿದೆ. ತಂದೆ ಹಿರಿಯೂರು ತಾಲ್ಲೂಕಿನ ರೈತ. ಎಂಟು ಎಕರೆ ಮಳೆಯಾಶ್ರಿತ ಹೊಲ, ಅದರಲ್ಲಿ ಶೇಂಗಾ. ಆ ಎಂಟೂ ಎಕರೆಯನ್ನು ಗುತ್ತಿಗೆಗೆ ಕೊಟ್ಟರೆ ಬಿಸಿಲಿನ ಫಲಕಗಳನ್ನು ಹಾಸುತ್ತೇವೆ, ವರ್ಷವರ್ಷವೂ ಇಷ್ಟು ಎಂದು ಬಾಡಿಗೆ ಕೊಡುತ್ತೇವೆ ಎಂದು ಒಂದು ಕಂಪನಿಯ ಏಜೆಂಟರು ಬಂದು ಹೇಳಿದ್ದಾರೆ. ಮುಂಗಡದ ಹಣ ಬಂದರೆ ಮಗನ ಫೀಸಿಗಾಗುತ್ತದೆ. ಹೀಗೆ ಎರಡು ಪ್ರಶ್ನೆಗಳು ಒಂದೇ ಹಗ್ಗದ ಎರಡು ತುದಿಗಳಾಗಿ ಅವರ ಮನೆಗೆ ಬಂದಿದ್ದುವು. ಮಗ ಈ ವಿದ್ಯೆಯನ್ನು ಓದಬೇಕೆ? ಹೊಲವನ್ನು ಕೊಡಬೇಕೆ?

"ಬಿಸ್ಲು ಓದಾಕೆ ಅಷ್ಟು ದೂರ ಹೋಗ್ಬೇಕಾ ಸಾ? ನಮ್ಮ ಹೊಲ್ದಾಗೆ ಬ್ಯಾಸ್ಗೇಲಿ ಒಂದಿನ ನಿಂತ್ರೆ ಸಾಲ್ದಾ?" ಎಂದರು ತಂದೆ. ಮೂವರೂ ನಕ್ಕೆವು. ಆದರೆ ನಗೆ ಮುಗಿದ ಮೇಲೆ ಅವರು ನನ್ನ ಮುಖವನ್ನೇ ನೋಡುತ್ತ ಕುಳಿತರು. ಮೇಷ್ಟರು ಏನು ಹೇಳುತ್ತಾರೋ ಅದರಂತೆ ಆಗಲಿ ಎಂಬ ನಂಬಿಕೆ ಅವರದು. ನಮ್ಮ ಹಳ್ಳಿಗಳಲ್ಲಿ ಈ ನಂಬಿಕೆ ಇನ್ನೂ ಅಷ್ಟಿಷ್ಟು ಉಳಿದಿದೆ. ಅದಕ್ಕೆ ನಾವು ಮೇಷ್ಟರುಗಳು ಎಷ್ಟು ಅರ್ಹರೋ ಬೇರೆ ಮಾತು. ಹಳಗನ್ನಡದ ಸಂಧಿಯನ್ನು ಬಿಡಿಸಿ ಹೊಟ್ಟೆ ಹೊರೆಯುವ ನನಗೆ ಸೌರಕೋಶದ ವಿಚಾರವೇನು ಗೊತ್ತು? ಎರಡು ದಿನ ಕಳೆದು ಬನ್ನಿ ಎಂದು ಹೇಳಿ ಕಳುಹಿಸಿದೆ. ಎರಡು ದಿನ ಎಂದದ್ದು ಎರಡು ತಿಂಗಳಾಯಿತು. ಆ ಎರಡು ತಿಂಗಳಲ್ಲಿ ನಾನು ಓದಿದ, ಕೇಳಿದ, ಯೋಚಿಸಿದ ಸಂಗತಿಗಳನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ.

ನಮ್ಮ ಸೀಮೆಯವರು ಬಿಸಿಲನ್ನು ಸಂಪತ್ತೆಂದು ಎಂದೂ ಎಣಿಸಿದವರಲ್ಲ. ನಮ್ಮ ಭಾಷೆಯೇ ಇದಕ್ಕೆ ಸಾಕ್ಷಿ. ಕನ್ನಡದಲ್ಲಿ 'ಹೊತ್ತು' ಎಂದರೆ ಸೂರ್ಯನೂ ಹೌದು, ಕಾಲವೂ ಹೌದು. ಹೊತ್ತು ಮೂಡುತ್ತದೆ, ಹೊತ್ತು ಕಳೆಯುತ್ತದೆ. ಎಳೆಬಿಸಿಲು, ಹೂಬಿಸಿಲು ಎಂಬ ಮುದ್ದಿನ ಮಾತುಗಳು ಇವೆಯಾದರೂ ಅವು ಬೆಳಗಿನ ಅರ್ಧ ಗಳಿಗೆಯವು. ಉಳಿದ ದಿನಕ್ಕೆಲ್ಲ ಬಿರುಬಿಸಿಲು, ಉರಿಬಿಸಿಲು, ಸುಡುಬಿಸಿಲು. ಹಳೆಯ ಕವಿಗಳು ಕೊಟ್ಟ 'ಬಿಸಿಲ್ಗುದುರೆ' ಎಂಬ ಸೊಗಸಾದ ಪದವೊಂದಿದೆ. ಅದೂ ಇಲ್ಲದ ನೀರನ್ನು ತೋರಿಸಿ ಮೋಸ ಮಾಡುವ ಬಿಸಿಲಿನ ಹೆಸರೇ. ವರ್ಷಕ್ಕೆ ಇಪ್ಪತ್ತು ಇಪ್ಪತ್ತೈದು ಅಂಗುಲ ಮಳೆ ಬಂದರೆ ದೊಡ್ಡದೆನ್ನುವ ಜಿಲ್ಲೆ ನಮ್ಮದು. ಹಿರಿಯೂರಿನ ಮಗ್ಗುಲಲ್ಲಿ, ಮಾರಿಕಣಿವೆಯಲ್ಲಿ, ವೇದಾವತಿಗೆ ಅಡ್ಡಲಾಗಿ ೧೯೦೭ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ ೧೯೩೩ರಲ್ಲಿ ಒಮ್ಮೆ ತುಂಬಿ ಕೋಡಿ ಹರಿಯಿತು. ಮತ್ತೆ ಹರಿದದ್ದು ಎಂಬತ್ತೊಂಬತ್ತು ವರ್ಷಗಳ ಮೇಲೆ, ೨೦೨೨ರಲ್ಲಿ. ಹುಟ್ಟಿ, ಬೆಳೆದು, ಮೊಮ್ಮಕ್ಕಳನ್ನು ಕಂಡು, ಆ ಕೋಡಿಯ ನೀರನ್ನು ಒಮ್ಮೆಯೂ ಕಾಣದೆ ತೀರಿಕೊಂಡವರು ಹಿರಿಯೂರಿನಲ್ಲಿ ಎಷ್ಟು ಮಂದಿಯೋ! ನೀರು ಹೀಗೆ ನಂಬಿಸಿ ಕೈಕೊಡುತ್ತ ಬಂದಿತು. ಬಿಸಿಲು ಮಾತ್ರ ಒಂದು ದಿನವೂ ತಪ್ಪಿಸಿಕೊಳ್ಳಲಿಲ್ಲ. ತಪ್ಪದೆ ಬರುವ ಅತಿಥಿಗೆ ನಾವು ಬೆಲೆ ಕೊಡುವುದುಂಟೇ?

ಹುಡುಗನು ತನ್ನ ಪುಸ್ತಕಗಳನ್ನು ತಂದು ನನಗೆ ಒಂದಷ್ಟು ಪಾಠ ಹೇಳಿದ. ಮುಂಬಯಿಯ ಐ.ಐ.ಟಿ.ಯ ಸುಖಾತ್ಮೆಯವರು ೧೯೮೪ರಲ್ಲಿ ಪ್ರಕಟಿಸಿದ ಸೌರಶಕ್ತಿಯ ಪಠ್ಯವೊಂದು ಇವತ್ತಿಗೂ ನಮ್ಮ ವಿಶ್ವವಿದ್ಯಾನಿಲಯಗಳ ಹುಡುಗರ ಕೈಯಲ್ಲಿದೆಯಂತೆ. ಬೆಳಕು ಬಿದ್ದರೆ ವಿದ್ಯುತ್ತು ಹುಟ್ಟುತ್ತದೆಂಬುದನ್ನು ಫ್ರಾನ್ಸಿನ ಬೆಕರೆಲ್ ಎಂಬಾತ ೧೮೩೯ರಷ್ಟು ಹಿಂದೆಯೇ ಕಂಡಿದ್ದ. ಬೆಳಕು ಲೋಹದಿಂದ ಎಲೆಕ್ಟ್ರಾನನ್ನು ಹೇಗೆ ಹೊರಡಿಸುತ್ತದೆಂಬುದನ್ನು ೧೯೦೫ರಲ್ಲಿ ಐನ್‌ಸ್ಟೈನರು ವಿವರಿಸಿದರು. ೧೯೫೪ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯವರು ಸಿಲಿಕಾನಿನ ಸೌರಕೋಶವನ್ನು ಮಾಡಿ ತೋರಿಸಿದರು. ಬಿದ್ದ ಬೆಳಕಿನಲ್ಲಿ ನೂರಕ್ಕೆ ಆರು ಪಾಲನ್ನು ಮಾತ್ರ ಅದು ವಿದ್ಯುತ್ತಾಗಿಸುತ್ತಿತ್ತು. ಈಗ ಅಂಗಡಿಯಲ್ಲಿ ಸಿಕ್ಕುವ ಫಲಕ ಇಪ್ಪತ್ತು ಇಪ್ಪತ್ತೆರಡು ಪಾಲನ್ನು ಮಾಡುತ್ತದೆ. ಇದಿಷ್ಟು ಚರಿತ್ರೆ. ನನ್ನನ್ನು ಬೆರಗುಗೊಳಿಸಿದ ಸಂಗತಿ ಬೇರೆ. ಫಲಕಕ್ಕೆ ಬೇಕಾದದ್ದು ಬೆಳಕು. ಬಿಸಿ ಅದರ ಶತ್ರು. ಕಾವು ಒಂದೊಂದು ಡಿಗ್ರಿ ಏರಿದಂತೆ ಅದರ ಫಲ ಸಾವಿರಕ್ಕೆ ಮೂರು ನಾಲ್ಕು ಪಾಲು ಇಳಿಯುತ್ತ ಹೋಗುತ್ತದೆ. ಇಪ್ಪತ್ತೈದು ಡಿಗ್ರಿಯ ತಂಪಿನಲ್ಲಿ ಅಳೆದು ಇಷ್ಟು ಕೊಡುತ್ತದೆಂದು ಬರೆದುಕೊಟ್ಟ ಫಲಕ ನಮ್ಮ ಬಯಲಿನಲ್ಲಿ ಅರವತ್ತು ಡಿಗ್ರಿಗೆ ಕಾದು ಕುಳಿತಾಗ ನೂರಕ್ಕೆ ಹತ್ತು ಹನ್ನೆರಡು ಪಾಲನ್ನು ಕಳೆದುಕೊಂಡಿರುತ್ತದೆ. ಅದಕ್ಕೂ ನಮ್ಮ ಹಾಗೆಯೇ ಸೆಕೆ! 'ಬಿಸಿಲು' ಎಂಬ ಒಂದೇ ಪದದಲ್ಲಿ ನಾವು ಬೆಳಕನ್ನೂ ಬಿಸಿಯನ್ನೂ ಕಟ್ಟಿಹಾಕಿದ್ದೆವು. ಈ ವಿದ್ಯೆಯ ಅರ್ಧ ಕೆಲಸವೇ ಆ ಎರಡನ್ನು ಬಿಡಿಸುವುದು. ಸಂಧಿ ಬಿಡಿಸುವವನಾದ ನನಗೆ ಇದು ಬಹಳ ಹಿಡಿಸಿತು. ಹುಡುಗ ಈ ವಿದ್ಯೆಯನ್ನು ಓದಬೇಕೆಂಬ ಮೊದಲನೆಯ ಪ್ರಶ್ನೆಗೆ ಉತ್ತರ ಅಂದೇ ನನ್ನ ಮನಸ್ಸಿನಲ್ಲಿ ಸಿದ್ಧವಾಯಿತು.

ಎರಡನೆಯ ಪ್ರಶ್ನೆಯೇ ತೊಡಕಿನದು. ಅದು ಇಂಜಿನಿಯರಿಂಗಿನ ಪ್ರಶ್ನೆಯಲ್ಲ, ಧರ್ಮದ ಪ್ರಶ್ನೆ. ಬಿಸಿಲು ಯಾರದು?

ಈ ಪ್ರಶ್ನೆ ಕೇಳಿದೊಡನೆ ನನಗೆ ಪುರಾಣದ ಎರಡು ಕಥೆಗಳು ಒಟ್ಟಿಗೆ ನೆನಪಾದುವು. ಎರಡರಲ್ಲೂ ಕೊಟ್ಟವನು ಸೂರ್ಯನೇ. ಕಾಡಿಗೆ ಹೊರಟ ಧರ್ಮರಾಯನ ಬೆನ್ನಿಗೆ ಬ್ರಾಹ್ಮಣರ ಗುಂಪೊಂದು ಹೊರಟಿತು; ಬಂದವರಿಗೆ ಉಣ್ಣಲಿಕ್ಕುವುದು ಹೇಗೆಂಬ ಚಿಂತೆಯಲ್ಲಿ ಅವನು ಧೌಮ್ಯರ ಮಾತಿನಂತೆ ಸೂರ್ಯನನ್ನು ಬೇಡಿದ; ಅಕ್ಷಯಪಾತ್ರೆ ದೊರೆಯಿತು. ಬಡಿಸುವ ದ್ರೌಪದಿ ಎಲ್ಲರಿಗಿಂತ ಕೊನೆಗೆ ಉಣ್ಣಬೇಕು. ಅವಳು ಉಂಡ ಮೇಲೆ ಅಂದಿಗೆ ಪಾತ್ರೆ ಬರಿದು. ಇನ್ನೊಂದು ಸ್ಯಮಂತಕ ಮಣಿಯ ಕಥೆ. ಚೌತಿಯ ಚಂದ್ರನನ್ನು ಕಂಡ ದೋಷಕ್ಕೆ ಅದನ್ನು ಕೇಳಬೇಕೆಂದು ನಮ್ಮ ಮನೆಗಳಲ್ಲಿ ವರ್ಷಕ್ಕೊಮ್ಮೆ ಓದುತ್ತೇವೆ. ಸತ್ರಾಜಿತನೂ ಸೂರ್ಯನ ಭಕ್ತನೇ. ಅವನಿಗೆ ಸಿಕ್ಕಿದ ಮಣಿ ದಿನಕ್ಕೆ ಎಂಟು ಭಾರ ಬಂಗಾರವನ್ನು ಕೊಡುತ್ತಿತ್ತು. ಅದು ರಾಜನಾದ ಉಗ್ರಸೇನನಲ್ಲಿರಲಿ ಎಂದು ಕೃಷ್ಣ ಹೇಳಿದರೆ ಸತ್ರಾಜಿತ ಒಪ್ಪಲಿಲ್ಲ. ಮುಂದೆ ಅವನ ತಮ್ಮ ಸತ್ತ, ತಮ್ಮನನ್ನು ಕೊಂದ ಸಿಂಹ ಸತ್ತಿತು, ಕೃಷ್ಣನಂಥವನ ಮೇಲೆ ಕಳ್ಳತನದ ಅಪವಾದ ಬಂತು. ಒಬ್ಬನೇ ಸೂರ್ಯ, ಎರಡು ಕಾಣಿಕೆ. ಒಂದರಿಂದ ಅನ್ನ, ಒಂದರಿಂದ ಬಂಗಾರ. ಒಂದನ್ನು ಬಂದವರಿಗಾಗಿ ಬೇಡಿದ್ದು, ಮತ್ತೊಂದನ್ನು ಕೊರಳಿಗೆ ಕಟ್ಟಿಕೊಂಡದ್ದು.

ಈ ಕಥೆಗಳನ್ನು ಹುಡುಗನಿಗೆ ಹೇಳಿದೆ. ಅವನು ಕೇಳಿ, "ಸರ್, ದ್ರೌಪದಿ ಉಂಡ ಮೇಲೆ ದೂರ್ವಾಸರು ಶಿಷ್ಯರೊಂದಿಗೆ ಬಂದರಲ್ಲ, ಅದೇ ನಮ್ಮ ತೊಂದರೆಯೂ. ಹೊತ್ತು ಮುಳುಗಿದ ಮೇಲೇ ಜನ ದೀಪ ಹಾಕುವುದು. ಬ್ಯಾಟರಿ ಇದ್ದಿದ್ದರೆ ಕೃಷ್ಣ ಬರಬೇಕಾಗಿರಲಿಲ್ಲ" ಎಂದ. ಇಂಥ ವಿದ್ಯಾರ್ಥಿಗೆ ಪಿಯುಸಿಯಲ್ಲಿ ನಾನೇಕೆ ಕಡಿಮೆ ಅಂಕ ಕೊಟ್ಟೆನೋ ಈಗ ತಿಳಿಯದು.

ಆದರೆ ಪುರಾಣದಿಂದ ಗುತ್ತಿಗೆಯ ಪತ್ರ ತೀರ್ಮಾನವಾಗುವುದಿಲ್ಲ. ಕಣ್ಣ ಮುಂದಿನ ಉದಾಹರಣೆ ಬೇಕು. ಅದಕ್ಕೆ ದೂರ ಹೋಗಬೇಕಾದ್ದಿಲ್ಲ. ಹಿರಿಯೂರಿನ ಮೂಡಣಕ್ಕೆ, ತುಮಕೂರು ಜಿಲ್ಲೆಗೆ ಸೇರಿದ ಪಾವಗಡವಿದೆ. ಅಲ್ಲಿ ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು ಎಂಬ ಐದು ಗ್ರಾಮಗಳ ಸುಮಾರು ೧೩,೦೦೦ ಎಕರೆ ನೆಲದಲ್ಲಿ ಫಲಕಗಳು ಹಾಸಿಕೊಂಡಿವೆ. ೨,೦೫೦ ಮೆಗಾವಾಟ್ ಶಕ್ತಿ. ಮೊದಲ ಹಂತದ ಉದ್ಘಾಟನೆಯಾದದ್ದು ೨೦೧೮ರ ಮಾರ್ಚ್ ತಿಂಗಳಲ್ಲಿ. ದೂರದ ದಿಬ್ಬದಿಂದ ನೋಡಿದರೆ ನೀಲಿಯ ಕೆರೆಯೊಂದು ತುಂಬಿ ನಿಂತಂತೆ ಕಾಣುತ್ತದೆ. ಬರದ ಸೀಮೆಯಲ್ಲಿ ಕೆರೆಯ ಹಾಗೆ ಕಾಣುವ ಬಿಸಿಲು! ಬಿಸಿಲ್ಗುದುರೆ ಎಂಬ ಪದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ನನ್ನ ಅರ್ಥಕೋಶದಲ್ಲಿಲ್ಲ. ವ್ಯತ್ಯಾಸವೆಂದರೆ ಇದು ಸುಳ್ಳಲ್ಲ.

ಅಲ್ಲಿ ಭೂಮಿಯನ್ನು ರೈತರಿಂದ ಕಿತ್ತುಕೊಳ್ಳಲಿಲ್ಲ, ಕೊಳ್ಳಲೂ ಇಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿ. ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಂತೆ ಏರಿಕೆ. ಇದು ಒಳ್ಳೆಯ ಕ್ರಮವೆಂದೇ ನನ್ನ ಮತ. ಎಷ್ಟೋ ಅಣೆಕಟ್ಟುಗಳಲ್ಲಿ, ಕಾರ್ಖಾನೆಗಳಲ್ಲಿ ನೆಲ ಕಳೆದುಕೊಂಡವರಿಗೆ ಒಮ್ಮೆ ಕೈಗೆ ಬಂದು ಮಾಯವಾದ ಪರಿಹಾರದ ಹಣವನ್ನು ನೆನೆದರೆ, ಒಡೆತನ ಉಳಿದು ವರ್ಷಕ್ಕೊಮ್ಮೆ ಬರುವ ಬಾಡಿಗೆ ಸಣ್ಣದಲ್ಲ. ಬಾವಿ ಬತ್ತಿ, ಬೋರು ಬತ್ತಿ, ಬೆಂಗಳೂರಿನ ಕಟ್ಟಡಗಳಲ್ಲಿ ಇಟ್ಟಿಗೆ ಹೊರುತ್ತಿದ್ದ ರೈತನಿಗೆ ಎಂಟು ಎಕರೆಯ ಬಾಡಿಗೆ ಮಾನವನ್ನು ಉಳಿಸಿತು. ಪಟ್ಟಣದಲ್ಲಿ ಫ್ಯಾನಿನ ಕೆಳಗೆ ಕುಳಿತು ನೆಲದ ಬದುಕನ್ನು ಹಾಡಿ ಹೊಗಳುವವರು ಒಂದು ಮುಂಗಾರು ಕೈಕೊಟ್ಟ ವರ್ಷ ಶೇಂಗಾ ಕೀಳುವವನ ಜೊತೆ ನಿಂತು ನೋಡಬೇಕು. ಆ ಗುಂಪಿನಲ್ಲಿ ನಾನೂ ಒಬ್ಬನೆಂಬುದನ್ನು ಒಪ್ಪಿಕೊಳ್ಳುತ್ತೇನೆ.

ಹಾಗಾದರೆ ತೊಡಕೆಲ್ಲಿದೆ? ಬಾಡಿಗೆ ಬಂದದ್ದು ಪಹಣಿಯಲ್ಲಿ ಹೆಸರಿದ್ದವನಿಗೆ. ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದ ಕೂಲಿಯವಳಿಗೆ, ಶೇಂಗಾ ಕಿತ್ತ ಮೇಲೆ ಕುರಿ ಮೇಯಿಸುತ್ತಿದ್ದವನಿಗೆ ಪಹಣಿ ಎಲ್ಲಿಯದು? ಪಾವಗಡದಲ್ಲಿ ನೆಲವಿಲ್ಲದವರು ಕೂಲಿ ಕಳೆದುಕೊಂಡರೆಂಬುದನ್ನು ಅಲ್ಲಿಗೆ ಹೋಗಿ ಬರೆದವರು ಹಲವರು. ಫಲಕ ಒರಸುವ, ಹುಲ್ಲು ಕತ್ತರಿಸುವ, ಕಾವಲಿನ ಕೆಲಸಗಳು ಕೆಲವರಿಗೆ ಸಿಕ್ಕಿದುವು, ಎಲ್ಲರಿಗೂ ಸಿಕ್ಕಲಿಲ್ಲ.

ಇಲ್ಲಿ ನಾನು ಸ್ವಲ್ಪ ನಿಂತು ಯೋಚಿಸಬೇಕಾಯಿತು. ಶೇಂಗಾ ಎಂದರೇನು? ಅದೂ ಬಿಸಿಲೇ. ಎಲೆ ಬಿಸಿಲನ್ನು ಹಿಡಿದು ಕಾಳಿನಲ್ಲಿ ಕೂಡಿಡುತ್ತದೆ. ರೈತ ಆದಿಯಿಂದಲೂ ಬಿಸಿಲನ್ನೇ ಬೆಳೆಯುತ್ತ ಬಂದವನು. ಹಾಗಾದರೆ ಗಾಜಿನ ಎಲೆ ಬಂದದ್ದರಿಂದ ಬದಲಾದದ್ದು ಏನು? ನನಗೆ ತೋರುವುದು ಇಷ್ಟು. ಹಸಿರು ಎಲೆಯಿಂದ ಬಿಸಿಲನ್ನು ಕೂಡಿಸುವುದಕ್ಕೆ ಹಲವು ಕೈಗಳು ಬೇಕಾಗಿದ್ದುವು. ಉಳುವವನು, ಬಿತ್ತುವವಳು, ಕಳೆ ತೆಗೆಯುವವಳು, ಗೊಬ್ಬರಕ್ಕೆ ಕುರಿ ತರುಬುವವನು, ಕೂರಿಗೆ ಮಾಡುವ ಬಡಗಿ, ಕುಳ ಬಡಿಯುವ ಕಮ್ಮಾರ. ಕೈ ಬೇಕಾಗಿದ್ದುದರಿಂದ ಪಾಲೂ ಆಗುತ್ತಿತ್ತು. ಆ ಪಾಲು ನ್ಯಾಯವಾಗಿತ್ತೆಂದು ನಾನು ಹೇಳುತ್ತಿಲ್ಲ. ಎಷ್ಟೋ ಸಲ ಅದು ಅನ್ಯಾಯವೇ. ಒಂದು ಸೇರು ಕಡಿಮೆ ಅಳೆದವರು, ಜಾತಿ ನೋಡಿ ದೂರದಿಂದ ಎಸೆದವರು ನಮ್ಮ ಹಿರಿಯರಲ್ಲೇ ಇದ್ದರು. ಆದರೂ ಮನಸ್ಸಿಲ್ಲದವನೂ ಒಂದಿಷ್ಟು ಕೊಡಲೇಬೇಕಾಗುತ್ತಿತ್ತು, ಏಕೆಂದರೆ ಕೈಗಳಿಲ್ಲದೆ ಬೆಳೆ ಮನೆಗೆ ಬರುತ್ತಿರಲಿಲ್ಲ. ಗಾಜಿನ ಎಲೆಗೆ ಕೈಗಳು ಬೇಡ. ಅದು ತಂತಿಯಲ್ಲಿ ಹರಿದು ಕಣ್ಣು ಮುಚ್ಚಿ ತೆರೆಯುವುದರೊಳಗೆ ಊರು ದಾಟುತ್ತದೆ. ಅನಿವಾರ್ಯದಿಂದ ಆಗುತ್ತಿದ್ದ ಹಂಚಿಕೆ ನಿಂತಿತು. ಇನ್ನು ಅದು ಆಗಬೇಕಾದರೆ ಯಾರಾದರೂ ಬೇಕೆಂದು ಮಾಡಬೇಕು.

ಇದಕ್ಕೆ ಎದುರು ವಾದವೊಂದಿದೆ, ಅದು ಬಲವಾದದ್ದೇ. ಹಂಚಿಕೆ ನಡೆಯಲೆಂದು ಕಳೆ ಕೀಳುವವಳನ್ನು ಬಿಸಿಲಲ್ಲೇ ಬಾಗಿಸಿ ನಿಲ್ಲಿಸಬೇಕೆ? ಅವಳ ಬೆನ್ನುನೋವಿನ ಮೇಲೆ ನಮ್ಮ ಧರ್ಮ ನಿಲ್ಲಬೇಕೆ? ಈ ಪ್ರಶ್ನೆಯನ್ನು ಪುಸ್ತಕದಲ್ಲಿ ಹುಡುಕುವುದಕ್ಕಿಂತ ಕೇಳಿಯೇ ಬಿಡೋಣವೆಂದು ಒಂದು ಭಾನುವಾರ ಹುಡುಗನ ಊರಿಗೆ ಹೋದೆ. ಅವನ ಹೊಲದಲ್ಲಿ ಇಪ್ಪತ್ತು ವರ್ಷಗಳಿಂದ ಕೂಲಿ ಮಾಡುವ ಹೆಂಗಸೊಬ್ಬಳು ನನ್ನ ಮಾತನ್ನೆಲ್ಲ ಕೇಳಿ ಹೇಳಿದಳು: "ಬಿಸ್ಲು ತಪ್ಪಿದ್ರೆ ದೇವ್ರು ಕೊಟ್ಟಂಗೆ ಸಾಮಿ. ಆದ್ರೆ ಬಿಸ್ಲಿನ ಜೊತೀಗೆ ಕೂಲೀನೂ ತಪ್ತದಲ್ಲ?" ಒಂದು ತಿಂಗಳಿಂದ ನಾನು ಬಿಡಿಸುತ್ತಿದ್ದ ಸಂಧಿಯನ್ನು ಆಕೆ ಒಂದು ಮಾತಿನಲ್ಲಿ ಬಿಡಿಸಿಟ್ಟಳು.

ಬೆಳಕು ಹಳ್ಳಿಯ ನೆತ್ತಿಯ ಮೇಲೆ ಹಾದುಹೋಗುವುದು ನಮ್ಮ ನಾಡಿಗೆ ಹೊಸದೇನೂ ಅಲ್ಲ. ೧೯೦೨ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯಿಂದ ಹುಟ್ಟಿದ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ತೊಂಬತ್ತು ಮೈಲಿಗೂ ಮೀರಿದ ಆ ತಂತಿಯ ಕೆಳಗಿದ್ದ ಹಳ್ಳಿಗಳು ಮುಂದೆ ಹಲವು ದಶಕಗಳ ಕಾಲ ಎಣ್ಣೆಯ ಬುಡ್ಡಿಯಲ್ಲೇ ಕುಳಿತಿದ್ದುವು. ಅಂದೂ ಕಟ್ಟಿದವರು ದೊಡ್ಡವರೇ, ಕಾರ್ಯ ದೊಡ್ಡದೇ. ಇಂದು ಹೊಸದುರ್ಗ, ಹೊಳಲ್ಕೆರೆಗಳ ಗುಡ್ಡಗಳ ಮೇಲೆ, ನಮ್ಮ ಜೋಗಿಮಟ್ಟಿಯ ಸಾಲಿನಲ್ಲಿ ಗಾಳಿಯಂತ್ರಗಳು ತಿರುಗುತ್ತಿವೆ. ರಾತ್ರಿ ಬಸ್ಸಿನಲ್ಲಿ ಬರುವಾಗ ಅವುಗಳ ಕೆಂಪು ದೀಪಗಳನ್ನು ಕಂಡು ಮಗುವೊಂದು ಅಲ್ಲಿ ಯಾವ ಊರಿದೆ ಎಂದು ತಾಯಿಯನ್ನು ಕೇಳಿದ್ದನ್ನು ಕೇಳಿದ್ದೇನೆ. ಗಾಳಿ ನಮ್ಮದು, ಗುಡ್ಡ ನಮ್ಮದು ಎಂದು ಕೂಗುವುದು ನನಗೆ ಇಷ್ಟವಿಲ್ಲ. ಹೊಳಲ್ಕೆರೆಯ ಅಡಿಕೆಯನ್ನು ಹೊಳಲ್ಕೆರೆಯವರೇ ಅಗಿಯುವುದಿಲ್ಲವಷ್ಟೆ. ಬೆಳೆದದ್ದು ಊರು ಬಿಟ್ಟು ಹೋಗಲಿ. ಹೋದದ್ದಕ್ಕೆ ಪ್ರತಿಯಾಗಿ ಏನು ಬರುತ್ತದೆ, ಯಾರ ಕೈಗೆ ಬರುತ್ತದೆ ಎಂಬುದಷ್ಟೇ ಪ್ರಶ್ನೆ. ಚಳ್ಳಕೆರೆಯ ಬಳಿ ಕುದಾಪುರದ ಅಮೃತಮಹಲ್ ಕಾವಲಿನಲ್ಲಿ ಭಾರತೀಯ ವಿಜ್ಞಾನ ಮಂದಿರಕ್ಕೆ ೧,೫೦೦ ಎಕರೆ ಸಿಕ್ಕಿದಾಗ, ಮತ್ತೆ ಬೇರೆ ಸಂಸ್ಥೆಗಳಿಗೂ ಸಾವಿರಾರು ಎಕರೆ ಸಿಕ್ಕಿದಾಗ, ದನ ಕುರಿ ಮೇಯಿಸುವವರು ಎತ್ತಿದ್ದು ಈ ಪ್ರಶ್ನೆಯನ್ನೇ. ವಿದ್ಯೆಗಾಗಿ ಕೊಟ್ಟ ನೆಲದ ಸುತ್ತ ಗೋಡೆ ಎದ್ದರೆ ಆ ವಿದ್ಯೆಯನ್ನು ಗೋಡೆಯ ಹೊರಗಿನವರು ಹೇಗೆ ನೋಡಬೇಕು?

ವಿದ್ಯೆ ಗೋಡೆಯನ್ನು ದಾಟಿದ ಉದಾಹರಣೆಯೂ ಅದೇ ಸಂಸ್ಥೆಯಲ್ಲಿದೆ. ೧೯೭೪ರಲ್ಲಿ ಅಮೂಲ್ಯ ಕೆ. ಎನ್. ರೆಡ್ಡಿಯವರು ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ 'ಅಸ್ತ್ರ' ಎಂಬ ವಿಭಾಗವನ್ನು ಆರಂಭಿಸಿ, ತುಮಕೂರು ಜಿಲ್ಲೆಯ ಉಂಗ್ರವೆಂಬ ಹಳ್ಳಿಯಲ್ಲಿ ಪ್ರಯೋಗಶಾಲೆಯನ್ನು ಹೂಡಿದರು. ವಿದ್ಯುದ್ರಸಾಯನದಲ್ಲಿ ಹೆಸರು ಮಾಡಿದ ವಿಜ್ಞಾನಿ ಹಳ್ಳಿಯ ಹೆಂಗಸು ಒಂದು ದಿನಕ್ಕೆ ಎಷ್ಟು ಸೌದೆ ಹೊರುತ್ತಾಳೆಂದು ಅಳೆಯಲು ಹೊರಟರು. ನಮ್ಮ ತಾಯಂದಿರ ಕಣ್ಣಿನ ಹೊಗೆಯನ್ನು ಕಡಿಮೆ ಮಾಡಿದ ಅಸ್ತ್ರ ಒಲೆ ಅಲ್ಲಿಂದ ಬಂದದ್ದು. ಇನ್ನೊಬ್ಬರು ಉಡುಪಿ ಜಿಲ್ಲೆಯ ಮೂಲದ ಹರೀಶ್ ಹಂದೆಯವರು. ಖರಗಪುರದ ಐ.ಐ.ಟಿ.ಯಲ್ಲಿಯೂ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯದ ಲೋವೆಲ್ ಕೇಂದ್ರದಲ್ಲಿಯೂ ನಮ್ಮ ಹುಡುಗ ಓದಲು ಹೊರಟಿರುವ ಈ ವಿದ್ಯೆಯನ್ನೇ ಓದಿದವರು. ಬಿಸಿಲಿನ ಕಾವಿನಿಂದ ದೊಡ್ಡ ಪ್ರಮಾಣದಲ್ಲಿ ಶಕ್ತಿ ತೆಗೆಯುವ ವಿಷಯದಲ್ಲಿ ಸಂಶೋಧನೆಗೆ ತೊಡಗಿದ್ದವರು ಡೊಮಿನಿಕನ್ ಗಣರಾಜ್ಯದ ಬಡವರ ಮನೆಗಳಲ್ಲಿ ಸಣ್ಣ ಫಲಕದ ದೀಪ ಉರಿಯುವುದನ್ನು ಕಂಡು ತಮ್ಮ ಸಂಶೋಧನೆಯ ವಿಷಯವನ್ನೇ ಬದಲಿಸಿಕೊಂಡರಂತೆ. ೧೯೯೫ರಲ್ಲಿ ಸೆಲ್ಕೋ ಆರಂಭವಾಯಿತು. ಹೊಲಿಗೆಯವರ, ಹೂ ಕಟ್ಟುವವರ, ಬೀದಿ ವ್ಯಾಪಾರದವರ ಗಳಿಕೆಗೆ ತಕ್ಕಂತೆ ಬ್ಯಾಂಕಿನ ಕಂತು ಗೊತ್ತುಮಾಡಿ ದೀಪ ಕೊಡಿಸಿತು. ೨೦೧೧ರಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಇಬ್ಬರಲ್ಲೂ ನಾನು ಗಮನಿಸಿದ್ದು ಒಂದು: ಪಾಠದಲ್ಲಿ ಕಲಿತದ್ದನ್ನು ಅವರು ಬಿಟ್ಟುಕೊಡಲಿಲ್ಲ, ಏನನ್ನು ಅಳೆಯಬೇಕೆಂಬುದನ್ನು ಬದಲಿಸಿದರು.

ಇಷ್ಟು ಹೇಳಿದ ನಾನು ಯಾವ ಅಧಿಕಾರದಿಂದ ಹೇಳುತ್ತಿದ್ದೇನೆ? ಇಲ್ಲಿ ನನ್ನ ಒಂದು ಸಂಗತಿಯನ್ನು ಬಿಚ್ಚದಿದ್ದರೆ ಈ ಬರಹ ಅಪ್ರಾಮಾಣಿಕವಾದೀತು. ಹೊಸದುರ್ಗ ತಾಲ್ಲೂಕಿನ ನನ್ನ ಊರಿನಲ್ಲಿ ನಮ್ಮ ತಂದೆಗೆ ಐದು ಎಕರೆ ಹೊಲವಿತ್ತು. ನಾನು ಮೈಸೂರಿಗೆ ಎಂ.ಎ. ಓದಲು ಹೋದಾಗ ಅವರು ಮೂರು ಎಕರೆಯನ್ನು ಮಾರಿದರು. ನನಗೆ ಹೇಳಲಿಲ್ಲ, ರಜೆಗೆ ಹೋದಾಗ ಬೇರೆಯವರ ಎತ್ತು ನಮ್ಮ ಹೊಲದಲ್ಲಿ ಉಳುತ್ತಿದ್ದುದನ್ನು ನೋಡಿ ತಿಳಿದುಕೊಂಡೆ. ನನಗೆ ಕೆಲಸ ಸಿಕ್ಕಿತು, ಪೇಟೆಯಲ್ಲಿ ಮನೆಯಾಯಿತು. ಉಳಿದ ಎರಡು ಎಕರೆ ಇಂದು ಜಾಲಿ ಬೆಳೆದು ಬಿದ್ದಿದೆ. ಆ ಮೂರು ಎಕರೆಯನ್ನು ನಾನು ಓದಿದ್ದೇನೆ, ಪರೀಕ್ಷೆಯಲ್ಲಿ ಬರೆದಿದ್ದೇನೆ, ಪಾಠ ಹೇಳಿ ಸಂಬಳ ಪಡೆದಿದ್ದೇನೆ. ಆ ನೆಲಕ್ಕಾಗಲಿ ಅದರಲ್ಲಿ ದುಡಿಯುತ್ತಿದ್ದವರಿಗಾಗಲಿ ಏನನ್ನೂ ಹಿಂದಿರುಗಿಸಿಲ್ಲ. ತಂದೆ ಕೇಳಲಿಲ್ಲ. ಕೇಳದೆಯೇ ತೀರಿಕೊಂಡರು. ಹುಡುಗನ ತಂದೆ ಎಂಟು ಎಕರೆಯ ಮಾತನ್ನೆತ್ತಿದಾಗ ನಾನು ಎರಡು ದಿನದ ಕಾಲಾವಕಾಶ ಕೇಳಿದ್ದು ಸೌರಕೋಶ ತಿಳಿಯದೆ ಮಾತ್ರವಲ್ಲ.

ಗುತ್ತಿಗೆಯ ಪತ್ರ ಇಂಗ್ಲಿಷಿನಲ್ಲಿತ್ತು. ಅದನ್ನು ಕನ್ನಡದಲ್ಲಿ ಓದಿ ಹೇಳಿ ಎಂದು ತಂದೆ ನನ್ನ ಕೈಗೆ ಕೊಟ್ಟರು. ಒಂದೊಂದೇ ಕಲಮನ್ನು ಕನ್ನಡಿಸುತ್ತ ಹೋದೆ. ಬಾಡಿಗೆ, ಅವಧಿ, ತಕರಾರು ಬಂದರೆ ಯಾವ ಊರಿನ ನ್ಯಾಯಾಲಯ, ಎಲ್ಲ ಸರಿಯಾಗಿಯೇ ಇತ್ತು. ನಡುವೆ ಒಂದು ಕಲಮು: ಜಮೀನಿನ ಮೇಲೆ ಬೀಳುವ ಬೆಳಕಿಗೆ ಅಡ್ಡಿಯಾಗುವ ಯಾವುದನ್ನೂ ಒಡೆಯನು ಉಳಿಸಿಕೊಳ್ಳತಕ್ಕದ್ದಲ್ಲ.

"ಬೆಳಕಿಗೆ ಅಡ್ಡಿ ಅಂದ್ರೆ?" ಎಂದರು.

"ನೆರಳು" ಎಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂಗಾರೆ ಹುಣಸೇಮರ ಹೋತು" ಎಂದರು.

ಅವರ ಹೊಲದ ಪಡುವಣ ಬದುವಿನ ಮೇಲೆ ದೊಡ್ಡ ಹುಣಿಸೆಮರವೊಂದಿದೆ. ಅವರ ಅಜ್ಜನ ಕಾಲದ್ದು. ಸುತ್ತಲಿನ ಹತ್ತು ಹೊಲಗಳ ಕೂಲಿಯವರು ಮಧ್ಯಾಹ್ನದ ಬುತ್ತಿ ಬಿಚ್ಚುವುದು ಅದರ ಕೆಳಗೆ. ಮಗುವಿನ ಜೋಲಿ ಕಟ್ಟುವುದು ಅದರ ಕೊಂಬೆಗೆ. ಮೈಲಿ ದೂರದವರೆಗೆ ಬೇರೆ ನೆರಳಿಲ್ಲ. ಪತ್ರದಲ್ಲಿ ಅದು ಅಡ್ಡಿ.

ಹುಡುಗ ಇದನ್ನು ತಳ್ಳಿಹಾಕಲಿಲ್ಲ. ಫಲಕಗಳನ್ನು ಸರಪಣಿಯಂತೆ ಒಂದರ ಹಿಂದೊಂದು ಜೋಡಿಸುವುದರಿಂದ ಒಂದರ ಮೇಲೆ ನೆರಳು ಬಿದ್ದರೂ ಇಡೀ ಸಾಲು ಸೊರಗುತ್ತದೆ, ಏಜೆಂಟರ ಮಾತಿನಲ್ಲಿ ಹುರುಳಿದೆ ಎಂದ. ಕೋಪ ಬಂದರೂ ಅವನ ಪ್ರಾಮಾಣಿಕತೆಗೆ ಮೆಚ್ಚಿದೆ. ಮರುದಿನ ಅವನು ಒಂದು ಕೋಲು, ಒಂದು ಅಳತೆಯ ಟೇಪು ಹಿಡಿದು ಹೊಲಕ್ಕೆ ಹೋದ. ನಮ್ಮ ಸೀಮೆಯಲ್ಲಿ ಏಪ್ರಿಲ್ ಕೊನೆಯಲ್ಲೊಮ್ಮೆ, ಆಗಸ್ಟ್ ನಡುವಿನಲ್ಲೊಮ್ಮೆ ಸೂರ್ಯ ನಡುಹಗಲಲ್ಲಿ ನೆಟ್ಟ ನೆತ್ತಿಗೆ ಬರುತ್ತಾನೆ. ನೆಟ್ಟ ಕೋಲಿಗೆ ಅಂದು ನೆರಳೇ ಇರುವುದಿಲ್ಲ. ಪಿಯುಸಿಯ ಕಾಲದಲ್ಲಿ ಅವನು ನಮ್ಮ ಕಾಲೇಜಿನ ಅಂಗಳದಲ್ಲಿ ಇದನ್ನು ತೋರಿಸಿ ಅಧ್ಯಾಪಕರನ್ನೆಲ್ಲ ಬಿಸಿಲಿಗೆ ಎಳೆದಿದ್ದ. ಅದೇ ಲೆಕ್ಕವನ್ನು ಹನ್ನೆರಡು ತಿಂಗಳಿಗೂ ಹರಡಿ, ಮರದ ಎತ್ತರಕ್ಕೆ ಹೊಂದಿಸಿ ಎರಡು ಹಾಳೆ ತುಂಬ ಅಂಕಿಗಳನ್ನು ಬರೆದು ತಂದ. ಮರ ಪಡುವಣದಲ್ಲಿರುವುದರಿಂದ ಅದರ ನೆರಳು ಹೊಲದೊಳಗೆ ಚಾಚುವುದು ಸಂಜೆಯ ಕೊನೆಯ ಒಂದೂವರೆ ಗಂಟೆ. ಆ ಹೊತ್ತಿಗೆ ಬೆಳಕೇ ಸೊರಗಿರುತ್ತದೆ. ಮರದ ಬಳಿಯ ಒಂದಷ್ಟು ಗುಂಟೆಯನ್ನು ಬಿಟ್ಟು ಫಲಕದ ಸಾಲುಗಳನ್ನು ಬೇರೆ ಬಗೆಯಲ್ಲಿ ಜೋಡಿಸಿದರೆ ಕಂಪನಿಗೆ ಆಗುವ ನಷ್ಟ ಅತ್ಯಲ್ಪ. ತೆಂಕಣದಲ್ಲಿ ಮರವಿದ್ದಿದ್ದರೆ ಈ ಲೆಕ್ಕ ನಮ್ಮ ಕಡೆಗೆ ಬರುತ್ತಿರಲಿಲ್ಲ ಎಂಬುದನ್ನೂ ಅವನೇ ಹೇಳಿದ.

ಆ ಹಾಳೆಗಳ ಆಧಾರದ ಮೇಲೆ ನಾನು ಕನ್ನಡದಲ್ಲಿ ಒಂದು ತಿದ್ದುಪಡಿ ಬರೆದೆ. ಎರಡು ಮಾತು ಅದರಲ್ಲಿದೆ. ಮರವೂ ಅದರ ಕೆಳಗಿನ ನೆಲವೂ ಗುತ್ತಿಗೆಗೆ ಸೇರಿದ್ದಲ್ಲ, ಅಲ್ಲಿಗೆ ಯಾರು ಬೇಕಾದರೂ ಬಂದು ಹೋಗಬಹುದು. ಫಲಕಗಳ ಆರೈಕೆಗೆ ಬೇಕಾಗುವ ಜನರನ್ನು ಮೊದಲು 'ಸದರಿ ಹೊಲದಲ್ಲಿ ಕೂಲಿ ಮಾಡುತ್ತಿದ್ದವರಿಂದ' ತೆಗೆದುಕೊಳ್ಳತಕ್ಕದ್ದು. ಎರಡನೆಯ ಮಾತಿಗೆ ಬೇಕಾದ ಪಟ್ಟಿಯನ್ನು ಹುಡುಗನ ತಾಯಿ ಬಾಯಿಂದ ಹೇಳಿ ಬರೆಸಿದರು. ಒಂಬತ್ತು ಹೆಸರು, ಆರು ಹೆಂಗಸರದು. ಇಷ್ಟರಿಂದ ಬಿಸಿಲಿನ ಹಂಚಿಕೆಯ ಪ್ರಶ್ನೆ ಬಗೆಹರಿಯಿತೆಂದು ನಾನು ಭ್ರಮಿಸಿಲ್ಲ. ಆದರೆ ಈ ಮಾತುಗಳು ಸೇರುವವರೆಗೆ ರುಜು ಹಾಕಬೇಡಿ ಎಂದು ತಂದೆಗೂ, ಹೊಲದ ಹಣಕ್ಕೆ ಕಾಯದೆ ಹೋಗಿ ಓದು ಎಂದು ಮಗನಿಗೂ ಹೇಳಿದೆ. ಹಗ್ಗದ ಎರಡು ತುದಿಗಳನ್ನು ಬಿಡಿಸುವುದು ನನ್ನಿಂದಾದ ಒಂದೇ ಕೆಲಸ. ಹುಡುಗ ಬ್ಯಾಂಕಿನಲ್ಲಿ ಸಾಲ ಮಾಡಿ ಹೋದ. ಆ ಸಾಲಕ್ಕೆ ಜಾಮೀನು ನಿಂತವನು ನಾನು. ಇದನ್ನು ಮನೆಯಲ್ಲಿ ಹೇಳಿದ ದಿನ ನಡೆದದ್ದನ್ನು ಇಲ್ಲಿ ಬರೆಯುವುದಿಲ್ಲ.

ಏಜೆಂಟರು ತಿದ್ದುಪಡಿಯನ್ನು ಓದಿ, ಮೇಲಿನವರನ್ನು ಕೇಳಿ ಹೇಳುತ್ತೇನೆ ಎಂದು ತೆಗೆದುಕೊಂಡು ಹೋಗಿದ್ದಾರೆ. ಇನ್ನೂ ಉತ್ತರ ಬಂದಿಲ್ಲ. ಬಂತೇ ಎಂದು ತಂದೆ ವಾರಕ್ಕೊಮ್ಮೆ ಫೋನು ಮಾಡುತ್ತಾರೆ. ಈ ವರ್ಷ ಮಳೆ ಪರವಾಗಿಲ್ಲ, ಶೇಂಗಾ ಹಾಕಿದ್ದಾರೆ. ಕಳೆದ ಭಾನುವಾರ ಹಿರಿಯೂರಿಗೆ ಹೋಗಿದ್ದವನು ಹಾಗೆಯೇ ಹೊಲದ ಕಡೆಗೆ ನಡೆದೆ. ಊಟದ ಹೊತ್ತು. ಮರದ ಕೆಳಗೆ ಏಳೆಂಟು ಜನ ಕುಳಿತಿದ್ದರು. "ನೆಳ್ಳು ಅಳಿಯಾಕೆ ಬಂದ ಮೇಷ್ಟ್ರು ನೀವೇಯಾ?" ಎಂದು ಅವರಲ್ಲೊಬ್ಬಳು ಕೇಳಿ, ನಾನು ಅಲ್ಲ ಎನ್ನುವುದರೊಳಗಾಗಿ ಪಕ್ಕಕ್ಕೆ ಸರಿದು ಕುಳಿತುಕೊಳ್ಳಲು ಜಾಗ ಮಾಡಿದಳು.